ಎದೆಯ ನಾಳದಲ್ಲಿ ಸುಣ್ಣ

ಸಿಡುಬಿಗೆ ಲಸಿಕೆ ಕೊಟ್ಟ ಎಡ್ವರ್ಡ್ ಜೆನ್ನರ್ ಹೆಸರು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರು ಅರಮನೆಯ ರಾಣಿಯರು 1805ರಲ್ಲಿ ಆ ಲಸಿಕೆಯ ಪ್ರಚಾರಕ್ಕೆಂದೇ ಐರೋಪ್ಯ ಚಿತ್ರಕಾರನೊಬ್ಬನ ಮುಂದೆ ನಿಂತರೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಲಸಿಕೆಯ ಕೀರ್ತಿ ಬರುವುದಕ್ಕೂ ಮುಂಚೆ ಇದೇ ಜೆನ್ನರ್ ಒಂದು ದಿನ, ಎದೆನೋವಿನಿಂದ ಸತ್ತವನೊಬ್ಬನ ಹೃದಯವನ್ನು ಕೊಯ್ದು ನೋಡುತ್ತಿದ್ದ. ಚಾಕು ಏನೋ ಗಟ್ಟಿಯಾದದ್ದಕ್ಕೆ ತಾಗಿ ಕರಕರ ಅಂದಿತು. ಕಟ್ಟಡ ಹಳೆಯದು, ಚಾವಣಿಯ ಗಾರೆ ಉದುರಿ ಒಳಗೆ ಬಿದ್ದಿತೇನೋ ಎಂದು ಅವನು ತಲೆ ಎತ್ತಿ ನೋಡಿದ. ಗಾರೆ ಉದುರಿರಲಿಲ್ಲ. ಹೃದಯಕ್ಕೆ ರಕ್ತ ಕೊಡುವ ನಾಳಗಳೇ ಎಲುಬಿನ ಕೊಳವೆಗಳಾಗಿದ್ದವು.

ಈ ವಿಷಯವನ್ನು ಜೆನ್ನರ್ ಊರೆಲ್ಲ ಹೇಳಿಕೊಂಡು ತಿರುಗಲಿಲ್ಲ. ಅದಕ್ಕೆ ಕಾರಣ ಅವನ ಗುರು, ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್. ಹಂಟರ್‌ಗೂ ಅದೇ ಬಗೆಯ ಎದೆನೋವು ಬರುತ್ತಿತ್ತು, ನಾಳ ಗಟ್ಟಿಯಾಗುವುದೇ ಆ ನೋವಿನ ಮೂಲ ಎಂಬ ತನ್ನ ಊಹೆ ಗುರುವಿನ ಕಿವಿಗೆ ಬಿದ್ದರೆ ಅವನು ಕುಗ್ಗಿಹೋದಾನು ಎಂಬುದು ಶಿಷ್ಯನ ಅಂಜಿಕೆ. ಕಡೆಗೆ 1793ರ ಅಕ್ಟೋಬರಿನಲ್ಲಿ, ಸೇಂಟ್ ಜಾರ್ಜ್ ಆಸ್ಪತ್ರೆಯ ಆಡಳಿತ ಸಭೆಯೊಂದರಲ್ಲಿ ಮಾತಿಗೆ ಮಾತು ಬೆಳೆದು, ಸಿಟ್ಟಿನಿಂದ ಪಕ್ಕದ ಕೋಣೆಗೆ ನಡೆದ ಹಂಟರ್ ಅಲ್ಲೇ ಕುಸಿದು ಸತ್ತ. ಹೆಣ ಕೊಯ್ದು ನೋಡಿದವರಿಗೆ ಕಂಡದ್ದು ಶಿಷ್ಯ ಊಹಿಸಿದ್ದೇ: ಗಟ್ಟಿಯಾದ ಹೃದಯದ ನಾಳಗಳು.

ಇನ್ನೂರು ವರ್ಷಗಳಾಚೆ ಅದೇ ಗಟ್ಟಿ ವಸ್ತುವನ್ನು ಎದೆ ಕೊಯ್ಯದೆಯೇ ಅಳೆದು, ‘ಕ್ಯಾಲ್ಸಿಯಂ ಸ್ಕೋರ್’ ಎಂಬ ಅಂಕಿಯಾಗಿ ಕಾಗದದ ಮೇಲೆ ಅಚ್ಚು ಹಾಕಿ ಕೈಗೆ ಕೊಡುತ್ತಾರೆ. ಆ ಅಂಕಿ ಈಗ ಬೆಂಗಳೂರಿನಲ್ಲಷ್ಟೇ ಉಳಿದಿಲ್ಲ. ಕೊಪ್ಪಳದಿಂದ ಹೊಸಪೇಟೆಯ ಕಡೆ ಹೊರಟರೆ ಹತ್ತು ಕಿಲೋಮೀಟರ್ ಚಿಲ್ಲರೆಗೆ ಸಿಗುವ ಗಿಣಿಗೇರಾದಂಥ ಊರಿನ ಮಂದಿಗೂ ಅದು ಮಾತ್ರೆ ಚೀಟಿಯ ಜೊತೆ ಬಂದು ಸೇರುತ್ತಿದೆ. ಬಂದ ಮೇಲೆ ಅದನ್ನು ಓದುವುದು ಹೇಗೆ ಎಂಬುದೇ ತೊಡಕು. ಸೊನ್ನೆ ಬಂದವರು ತಮಗಿನ್ನು ಏನೂ ಆಗದು ಎಂದುಕೊಳ್ಳುತ್ತಾರೆ, ಮುನ್ನೂರು ಬಂದವರು ಆವತ್ತೇ ಆಸ್ತಿಯ ಕಾಗದಪತ್ರ ಹುಡುಕತೊಡಗುತ್ತಾರೆ. ಎರಡೂ ತಪ್ಪು ಓದು.

ಈ ಸುಣ್ಣ, ಅಂದರೆ ಕ್ಯಾಲ್ಸಿಯಂ, ಎಲ್ಲಿಂದ ಬರುತ್ತದೆ ಎಂಬಲ್ಲಿಂದಲೇ ತಪ್ಪು ಶುರುವಾಗುತ್ತದೆ. ಕೊಳವೆಬಾವಿಯ ಸವುಳು ನೀರು ಕಾಯಿಸಿದ ಪಾತ್ರೆಯ ಒಳಗೆ ಬೆಳ್ಳಗೆ ಪದರು ಕಟ್ಟುತ್ತದಲ್ಲ, ರಕ್ತನಾಳದಲ್ಲೂ ಹಾಗೇ ಕಟ್ಟುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಲು ಬಿಟ್ಟವರಿದ್ದಾರೆ, ರಾಗಿ ಬಿಟ್ಟವರಿದ್ದಾರೆ. ನಿಜಕ್ಕೂ ನಡೆಯುವುದು ಬೇರೆ. ಹೃದಯದ ಸ್ನಾಯುವಿಗೆ ರಕ್ತ ಹರಿಸುವ ಕೊರೊನರಿ ನಾಳಗಳ ಗೋಡೆಯೊಳಗೆ ಮೊದಲು ಸೇರುವುದು ಕೊಲೆಸ್ಟರಾಲ್. ಅದನ್ನು ನುಂಗಿ ತೆಗೆಯಲು ಬಿಳಿ ರಕ್ತಕಣಗಳು ಬರುತ್ತವೆ, ನುಂಗಿ ನುಂಗಿ ಅಲ್ಲೇ ಸಾಯುತ್ತವೆ. ಸತ್ತ ಕಣಗಳ ಚೂರು, ಕೊಬ್ಬು, ಉರಿಯೂತ ಎಲ್ಲ ಒಟ್ಟುಗೂಡಿ ಗೋಡೆಯಲ್ಲಿ ಒಂದು ಗಂಟು ಏಳುತ್ತದೆ. ವೈದ್ಯರು ಇದನ್ನು ಪ್ಲಾಕ್ ಅನ್ನುತ್ತಾರೆ. ಈ ಗದ್ದಲದಲ್ಲಿ ನಾಳದ ಗೋಡೆಯ ಸ್ನಾಯುಕೋಶಗಳೇ ತಮ್ಮ ಕಸುಬು ಬದಲಿಸಿ, ಎಲುಬು ಕಟ್ಟುವ ಕೋಶಗಳ ಹಾಗೆ ನಡೆದುಕೊಳ್ಳತೊಡಗುತ್ತವೆ. ಅಲ್ಲಿ ಕೂಡುವ ಖನಿಜವೂ ಎಲುಬು, ಹಲ್ಲುಗಳಲ್ಲಿ ಇರುವುದೇ. ಅಂದರೆ ಇದು ಹೊರಗಿನಿಂದ ಬಂದು ಅಂಟಿದ ಸುಣ್ಣವಲ್ಲ, ಗಾಯಗೊಂಡ ಗೋಡೆ ತಾನೇ ಕಟ್ಟಿಕೊಂಡ ಗಡಸು. ತಾಟಿನಲ್ಲಿರುವ ಮೊಸರಿಗೂ ಇದಕ್ಕೂ ನೇರ ನಂಟಿಲ್ಲ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ನಲ್ಲಿ ಇರುವವರ ಮಾತು ಬೇರೆ. ಅವರ ದೇಹದಲ್ಲಿ ಕ್ಯಾಲ್ಸಿಯಂ, ರಂಜಕಗಳ ಲೆಕ್ಕವೇ ಏರುಪೇರಾಗಿ ನಾಳಗಳು ಬೇಗ ಗಡಸಾಗುತ್ತವೆ.

ಇದು ಹೊಸಕಾಲದ ಊಟದಿಂದ ಬಂದ ರೋಗ ಎಂಬ ಮಾತೂ ಪೂರ್ತಿ ನಿಜವಲ್ಲ. ಈಜಿಪ್ಟ್, ಪೆರು, ಉತ್ತರ ಅಮೆರಿಕದ 137 ಮಮ್ಮಿಗಳನ್ನು ಸಿ.ಟಿ. ಯಂತ್ರದಲ್ಲಿಟ್ಟು ನೋಡಿದ ತಂಡವೊಂದು 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲಿ ಮೂರನೇ ಒಂದು ಪಾಲಿಗೆ ನಾಳ ಗಡಸಾದ ಗುರುತು ಇತ್ತು. ಇನ್ನೊಂದು ತುದಿಯಲ್ಲಿ ಬೊಲಿವಿಯಾದ ಕಾಡಿನ ತ್ಸಿಮಾನೆ ಬುಡಕಟ್ಟು ಇದೆ. ದಿನದ ಬಹುಪಾಲು ಮೈಮುರಿದು ದುಡಿಯುವ, ಬೇಟೆ-ಮೀನು-ಬೇಸಾಯದ ಈ ಜನರಲ್ಲಿ 705 ಮಂದಿಯ ಎದೆ ಪರೀಕ್ಷಿಸಿದಾಗ 85 ಪ್ರತಿಶತ ಜನರ ಸ್ಕೋರ್ ಸೊನ್ನೆ. ವಯಸ್ಸಾದರೆ ನಾಳ ಗಡಸಾಗಲೇಬೇಕು ಎಂಬ ಕಟ್ಟಳೆ ಇಲ್ಲವೆಂದು ಇದರಿಂದ ತಿಳಿಯುತ್ತದೆ. ಹಾಗೆಂದು ಅವರ ಬದುಕು ಯಾರಿಗೂ ಬೇಕಾದಂಥದ್ದಲ್ಲ, ಸೋಂಕುಗಳಿಂದ ಅಲ್ಲಿ ಸಾವು ಹೆಚ್ಚು.

ಸ್ಕೋರ್ ಲೆಕ್ಕ ಹಾಕುವ ಪದ್ಧತಿಯನ್ನು 1990ರಲ್ಲಿ ರೂಪಿಸಿದವರು ಅಮೆರಿಕದ ಮಯಾಮಿ ಬೀಚ್‌ನ ಹೃದ್ರೋಗ ತಜ್ಞ ಆರ್ಥರ್ ಅಗಾಟ್ಸ್‌ಟನ್ ಮತ್ತು ವಿಕಿರಣ ತಜ್ಞ ವಾರೆನ್ ಜಾನೊವಿಟ್ಜ್.  ಲೆಕ್ಕ ಸರಳವಾಗಿದೆ. ಸಿ.ಟಿ. ಚಿತ್ರದಲ್ಲಿ ಯಾವುದೇ ಚುಕ್ಕೆಯ ಸಾಂದ್ರತೆ ಹೌನ್ಸ್‌ಫೀಲ್ಡ್ ಎಂಬ ಮಾನದಲ್ಲಿ 130 ದಾಟಿದರೆ ಅದು ಕ್ಯಾಲ್ಸಿಯಂ. ಚುಕ್ಕೆಯ ವಿಸ್ತೀರ್ಣವನ್ನು ಚದರ ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದರ ಸಾಂದ್ರತೆಗೆ ತಕ್ಕಂತೆ 1ರಿಂದ 4ರವರೆಗಿನ ಅಂಕಿಯಿಂದ ಗುಣಿಸುತ್ತಾರೆ. 6 ಚದರ ಮಿ.ಮೀ. ಚುಕ್ಕೆ, ಸಾಂದ್ರತೆಯ ದರ್ಜೆ 3 ಎಂದರೆ 18. ಹೀಗೆ ಎಲ್ಲ ನಾಳಗಳ ಎಲ್ಲ ಚುಕ್ಕೆಗಳನ್ನೂ ಕೂಡಿಸಿದರೆ ಒಟ್ಟು ಸ್ಕೋರ್. ಸೊನ್ನೆ ಎಂದರೆ ಕಾಣುವಷ್ಟು ಕ್ಯಾಲ್ಸಿಯಂ ಇಲ್ಲ, 1ರಿಂದ 99 ಕಡಿಮೆ, 100 ದಾಟಿದರೆ ಗಮನ ಕೊಡಬೇಕಾದದ್ದು, 400 ದಾಟಿದರೆ ಬಹಳ. ಪರೀಕ್ಷೆಗೆ ಸೂಜಿ ಇಲ್ಲ, ಬಣ್ಣದ ಔಷಧಿ ಇಲ್ಲ. ಎದೆಗೆ ಇಸಿಜಿ ತಂತಿ ಅಂಟಿಸಿಕೊಂಡು ಮಲಗಿ, ಹೇಳಿದಾಗ ಉಸಿರು ಹಿಡಿದರೆ ಸಾಕು. ಕಾಲು ಗಂಟೆಯೊಳಗೆ ಮುಗಿಯುತ್ತದೆ.

ಆ ಅಂಕಿಗೆ ಬೆಲೆ ತಂದುಕೊಟ್ಟದ್ದು ‘ಮೆಸಾ’ ಎಂಬ ಅಧ್ಯಯನ. 2000ರಿಂದ 2002ರ ನಡುವೆ ಅಮೆರಿಕದ ಆರು ಕಡೆ, 45ರಿಂದ 84 ವರ್ಷದ ಸುಮಾರು 6,800 ಜನರನ್ನು ಸೇರಿಸಿಕೊಂಡು, ಅವರ ಸ್ಕೋರ್ ಬರೆದಿಟ್ಟು, ಮುಂದೆ ಯಾರಿಗೆ ಏನಾಗುತ್ತದೆಂದು ವರ್ಷವರ್ಷ ನೋಡುತ್ತ ಬಂದರು. 2008ರಲ್ಲಿ ಹೊರಬಿದ್ದ ಲೆಕ್ಕದಂತೆ ಸೊನ್ನೆಯವರಿಗೆ ಹೋಲಿಸಿದರೆ 101ರಿಂದ 300 ಸ್ಕೋರಿನವರಿಗೆ ಹೃದಯದ ತೊಂದರೆ ಬರುವ ಸಾಧ್ಯತೆ ಏಳು ಪಟ್ಟಿಗೂ ಮಿಗಿಲು, 300 ದಾಟಿದವರಿಗೆ ಒಂಬತ್ತು ಪಟ್ಟಿಗೂ ಮಿಗಿಲು. ವಯಸ್ಸು, ಬಿ.ಪಿ., ಕೊಲೆಸ್ಟರಾಲ್, ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಉಳಿದ ವ್ಯತ್ಯಾಸ ಇದು.

‘ಮೆಸಾ’ದಲ್ಲಿ ಬಿಳಿಯರು, ಕರಿಯರು, ಚೀನೀಯರು, ಲ್ಯಾಟಿನೋಗಳು ಇದ್ದರು. ನಮ್ಮವರು ಇರಲಿಲ್ಲ. ಆ ಕೊರತೆ ತುಂಬಲು 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಸುತ್ತಮುತ್ತಲಿನ ಭಾರತ, ಪಾಕಿಸ್ತಾನ ಮೂಲದ ವಲಸಿಗರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಶುರುವಾಯಿತು. ಅದರ ಹೆಸರು ‘ಮಸಾಲಾ’, ಬೇಕೆಂದೇ ಇಟ್ಟದ್ದು. ಮೊದಲ ಸುತ್ತಿನಲ್ಲಿ 906 ಜನ. ಅಲ್ಲಿ ಕಂಡದ್ದೇನೆಂದರೆ ನಮ್ಮ ಗಂಡಸರ ನಾಳದ ಕ್ಯಾಲ್ಸಿಯಂ ಬಿಳಿಯರಿಗೆ ಸಮನಾಗಿಯೂ, ಉಳಿದ ಮೂರೂ ಗುಂಪಿನವರಿಗಿಂತ ಹೆಚ್ಚಾಗಿಯೂ ಇತ್ತು. ಇವರಲ್ಲಿ ಸಿಗರೇಟು ಸೇದುವವರು, ಮಾಂಸ ತಿನ್ನುವವರು ಕಡಿಮೆ ಇದ್ದರೂ ಸಕ್ಕರೆ ಕಾಯಿಲೆ ಬಹಳ.

ಇಷ್ಟು ಕೇಳಿದವರಿಗೆ ಕ್ಯಾಲ್ಸಿಯಂ ತುಂಬಿ ತುಂಬಿ ನಾಳ ಮುಚ್ಚಿಹೋಗುವುದೇ ಹೃದಯಾಘಾತ ಎನಿಸುವುದು ಸಹಜ. ವಿಚಿತ್ರವೆಂದರೆ, ಹಾಗಲ್ಲ. ಹೃದಯಾಘಾತದ ಬಹುಪಾಲು ಪ್ರಸಂಗಗಳಲ್ಲಿ ನಡೆಯುವುದು ಒಡಕು. ಪ್ಲಾಕಿನ ಮೇಲಿನ ತೆಳು ಪೊರೆ ಹರಿಯುತ್ತದೆ, ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತದೆ, ಅಲ್ಲೊಂದು ಗಾಯವಾಗಿದೆ ಎಂದು ತಿಳಿದ ರಕ್ತ ಹೆಪ್ಪುಗಟ್ಟುತ್ತದೆ. ಮೊನ್ನೆಯವರೆಗೆ ಅರ್ಧದಷ್ಟೂ ಮುಚ್ಚಿರದ ನಾಳ ಹೀಗೆ ನಿಮಿಷಗಳಲ್ಲಿ ಪೂರ್ತಿ ಮುಚ್ಚಿಹೋಗಬಹುದು. ಹರಿಯುವ ಗುಣ ಹೆಚ್ಚಾಗಿ ಇರುವುದು ಮೆತ್ತನೆಯ, ಕೊಬ್ಬು ತುಂಬಿದ ಪ್ಲಾಕಿಗೆ. ಪೂರ್ತಿ ಗಡಸಾಗಿ ಕಲ್ಲಿನಂತೆ ಕೂತದ್ದು ಅಷ್ಟು ಸುಲಭಕ್ಕೆ ಹರಿಯುವುದಿಲ್ಲ. ಹಾಗಾದರೆ ಸ್ಕೋರ್ ಯಾಕೆ ಅಪಾಯ ಹೇಳುತ್ತದೆ? ಹಳೆಯ ಗಡಸು ಗಂಟುಗಳು ಹೆಚ್ಚಿದ್ದಲ್ಲಿ ಅವುಗಳ ನಡುವೆ ಎಳೆಯ, ಮೆತ್ತನೆಯ ಗಂಟುಗಳೂ ಹೆಚ್ಚಿರುತ್ತವೆ. ಸಿ.ಟಿ.ಗೆ ಕಾಣುವುದು ಹಳೆಯವು, ಕೊಲ್ಲುವುದು ಬಹಳ ಸಲ ಕಾಣದವು.

ಕೊಲೆಸ್ಟರಾಲ್ ಇಳಿಸಲು ಕೊಡುವ ಸ್ಟಾಟಿನ್ ಮಾತ್ರೆಗಳ ಕಥೆಯೂ ಇದಕ್ಕೇ ಸೇರುತ್ತದೆ. ಅವನ್ನು ನುಂಗುವವರಲ್ಲಿ ಹೃದಯಾಘಾತ ಕಡಿಮೆಯಾಗುತ್ತದೆ, ಆದರೆ ಕ್ಯಾಲ್ಸಿಯಂ ಸ್ಕೋರ್ ಇಳಿಯುವುದಿಲ್ಲ, ಎಷ್ಟೋ ಜನರಲ್ಲಿ ಏರುತ್ತದೆ. ಮೆತ್ತನೆಯ ಪ್ಲಾಕ್ ಮಾತ್ರೆಯಿಂದ ಕುಗ್ಗಿ ಗಟ್ಟಿಯಾಗುವುದೇ ಇದರ ಕಾರಣ. ಎರಡು ವರ್ಷ ಮಾತ್ರೆ ನುಂಗಿ ಮತ್ತೆ ಸ್ಕೋರ್ ತೆಗೆಸಿ, ಹೆಚ್ಚಾಗಿದೆ ಎಂದು ಹೆದರಿ ಮಾತ್ರೆ ಬಿಟ್ಟವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಂತೆ.

ಹೊಸದಾಗಿ, ಕಾಳುಕಾಳಾಗಿ ಕಟ್ಟುತ್ತಿರುವ ಸೂಕ್ಷ್ಮ ಕ್ಯಾಲ್ಸಿಯಂ ಅಪಾಯದ ಗುರುತು ಎಂದು ಈಗ ಗೊತ್ತಾಗಿದೆ. ಸಾಮಾನ್ಯ ಸಿ.ಟಿ. ಕಣ್ಣಿಗೆ ಅದು ಬೀಳದು. ಅದನ್ನು ಹಿಡಿಯುವ ಉಪಾಯದಲ್ಲಿ ಕೊಪ್ಪಳ ಸೀಮೆಯವರಿಗೆ ಚಿರಪರಿಚಿತವಾದ ವಸ್ತುವೊಂದಿದೆ: ಫ್ಲೋರೈಡ್. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಅದು ಮಿತಿ ಮೀರಿದೆ. ಹಲ್ಲು ಕಂದಾಗುವುದು, ಕೀಲು ಬಿಗಿಯುವುದು ಅಲ್ಲಿ ಹಳೆಯ ಗೋಳು. ಎಲುಬಿನ ಖನಿಜವನ್ನು ಕಂಡರೆ ಹೋಗಿ ಅಂಟುವ ಸ್ವಭಾವ ಫ್ಲೋರೈಡಿಗೆ ಇರುವುದರಿಂದಲೇ ಆ ಗೋಳು. ಅದೇ ಸ್ವಭಾವವನ್ನು ಎಡಿನ್‌ಬರೊದ ವೈದ್ಯರು ಬಳಸಿಕೊಂಡರು. ವಿಕಿರಣ ಸೂಸುವ ಫ್ಲೋರೈಡನ್ನು ತೀರ ಸ್ವಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಬಿಟ್ಟು ಪೆಟ್ ಸ್ಕ್ಯಾನ್ ತೆಗೆದರೆ, ನಾಳದಲ್ಲಿ ಹೊಸದಾಗಿ ಖನಿಜ ಕಟ್ಟುತ್ತಿರುವ ತಾಣ ಹೊಳೆಯುತ್ತದೆ. 2014ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ, ಆಗಷ್ಟೇ ಹೃದಯಾಘಾತವಾಗಿದ್ದ 40 ಜನರ ಪೈಕಿ 37 ಮಂದಿಗೆ ಅತಿ ಹೆಚ್ಚು ಹೊಳೆದದ್ದು ಒಡೆದ ಪ್ಲಾಕೇ ಆಗಿತ್ತು. ಇದು ಇನ್ನೂ ಸಂಶೋಧನೆಯ ಮಟ್ಟದಲ್ಲಿರುವ ಪರೀಕ್ಷೆ, ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಸಿಗುವಂಥದ್ದಲ್ಲ.

ಗಿಣಿಗೇರಾಕ್ಕೆ ನೀರಿಗಿಂತ ಹತ್ತಿರದ ವಿಚಾರ ದೂಳು. ಊರ ಸುತ್ತ ಉಕ್ಕು, ಕಬ್ಬಿಣದ ಕಾರ್ಖಾನೆಗಳಿವೆ. ರೈಲು ಜಂಕ್ಷನ್ನು, ಹೆದ್ದಾರಿ, ಅದಿರಿನ ಲಾರಿಗಳಿವೆ. ಮನೆ ಮಾಳಿಗೆ, ಗಿಡದ ಎಲೆ, ಒಣಗಲು ಹಾಕಿದ ಬಟ್ಟೆ ಕಪ್ಪಾಗುವ ಬಗ್ಗೆ ಈ ಭಾಗದವರ ತಕರಾರು ಇಂದಿನದಲ್ಲ. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ನಡೆದಾಗ ಗವಿಮಠದ ಸ್ವಾಮೀಜಿಯವರೂ ಬೀದಿಗೆ ಬಂದಿದ್ದರು. ದೂಳು ಎಂದರೆ ಕೆಮ್ಮು, ದಮ್ಮು ಎಂದಷ್ಟೇ ಜನ ತಿಳಿದಿದ್ದಾರೆ. ಆದರೆ ‘ಮೆಸಾ’ ತಂಡದ್ದೇ ಇನ್ನೊಂದು ವರದಿ 2016ರಲ್ಲಿ ಬಂತು. ಹತ್ತು ವರ್ಷಗಳ ಕಾಲ ಜನರ ಮನೆ ವಿಳಾಸದ ಗಾಳಿಯನ್ನೂ ಅವರ ನಾಳದ ಕ್ಯಾಲ್ಸಿಯಮ್ಮನ್ನೂ ಜೊತೆಯಾಗಿ ನೋಡಿದಾಗ, ಪಿಎಂ 2.5 ಎಂಬ ಸೂಕ್ಷ್ಮ ದೂಳು ಪ್ರತಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಹೆಚ್ಚಿದ್ದಲ್ಲಿ ಸ್ಕೋರ್ ವರ್ಷಕ್ಕೆ ಸುಮಾರು 4 ಅಂಕಿ ಹೆಚ್ಚು ಬೇಗ ಏರಿತ್ತು. ಆ ಅಮೆರಿಕನ್ ಊರುಗಳ ಗಾಳಿ ನಮ್ಮ ಕಾನೂನಿನ ಅಳತೆಯಲ್ಲಿ ಚೊಕ್ಕಟ ಗಾಳಿಯೇ. ಭಾರತದ ವಾರ್ಷಿಕ ಮಿತಿ 40 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ಕಣ್ಣಿಗೆ ಕಾಣುವ ಕಪ್ಪು ದೂಳಿಗಿಂತ ಕಾಣದ ಈ ದೂಳೇ ಶ್ವಾಸಕೋಶದ ಆಳಕ್ಕಿಳಿದು ನಾಳಗಳ ಉರಿಯೂತ ಹೆಚ್ಚಿಸುವುದು. ಕಾರ್ಖಾನೆಯ ವಾದವಿವಾದಗಳಲ್ಲಿ ಶ್ವಾಸಕೋಶದ ತಜ್ಞರ ಜೊತೆಗೆ ಹೃದ್ರೋಗ ತಜ್ಞರನ್ನೂ ಕರೆದು ಕೂರಿಸಬೇಕಾದ ಕಾಲ ಬಂದಿದೆ.

ದೂಳನ್ನು ಒಬ್ಬರೇ ತಡೆಯಲಾಗದು, ತಂಬಾಕನ್ನು ಬಿಡಬಹುದು. ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕಿ ತುಟಿಯೊಳಗೆ ಇಡುವವರು ಈ ಸೀಮೆಯಲ್ಲಿ ಗಂಡಸರಷ್ಟೇ ಅಲ್ಲ, ಮುದುಕಿಯರೂ ಇದ್ದಾರೆ. ಆ ಸುಣ್ಣ ಎದೆಗೆ ಹೋಗಿ ಕೂರುವುದಿಲ್ಲ, ತಂಬಾಕಿನ ಕೆಲಸ ಮಾತ್ರ ತಪ್ಪುವುದಿಲ್ಲ. 2004ರಲ್ಲಿ 52 ದೇಶಗಳಿಂದ ಬಂದ ‘ಇಂಟರ್‌ಹಾರ್ಟ್’ ವರದಿ ಮೊದಲ ಹೃದಯಾಘಾತದ ಅಪಾಯದಲ್ಲಿ 90 ಪ್ರತಿಶತವನ್ನು ಒಂಬತ್ತು ಕಾರಣಗಳಿಗೆ ಕಟ್ಟಿತು; ಕೊಲೆಸ್ಟರಾಲ್ ಮತ್ತು ಸಿಗರೇಟು-ಬೀಡಿ ಆ ಸಾಲಿನ ಮುಂದಿದ್ದವು. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಬರುವ ವಯಸ್ಸು 53ರ ಆಸುಪಾಸು, ಉಳಿದ ದೇಶಗಳವರಿಗಿಂತ ಆರು ವರ್ಷದಷ್ಟು ಮೊದಲು, ಎಂಬುದೂ ಅದೇ ಅಧ್ಯಯನದ ಲೆಕ್ಕ.

ಬೇಗ ಬರುವ ಈ ಆಘಾತವೇ ಕ್ಯಾಲ್ಸಿಯಂ ಸ್ಕೋರಿನ ದೊಡ್ಡ ಇಕ್ಕಟ್ಟು. ಗೋಡೆ ಗಡಸಾಗಲು ವರ್ಷಗಳೇ ಬೇಕು. ಮೂವತ್ತೈದರ ಬೀಡಿ ಸೇದುವವನ ನಾಳದಲ್ಲಿ ಮೆತ್ತನೆಯ ಪ್ಲಾಕ್ ಇದ್ದರೂ ಸ್ಕೋರ್ ಸೊನ್ನೆ ಬರಬಹುದು. ಚಿತ್ರನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಮತ್ತೆ 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ಹೃದಯಾಘಾತದ ಸಾವಿನ ಸುದ್ದಿ ಬಂದಾಗ, ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವಕ್ಕೇ ಜನ ಸಾಲು ನಿಂತರು. ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಮಾಡಿತು. ಸಮಿತಿ ನೋಡಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು ಎಂದಾಯಿತು, ಜಿಲ್ಲೆಯಲ್ಲಿ ಅಸಹಜ ಏರಿಕೆ ಕಂಡುಬರಲಿಲ್ಲ. ಹೆದರಿ ಬಂದ ಇಪ್ಪತ್ತೈದು, ಮೂವತ್ತರ ಹುಡುಗರಿಗೆ ಕ್ಯಾಲ್ಸಿಯಂ ಸ್ಕೋರ್ ಮಾಡಿಸಿದರೆ ಬರುವುದು ಬಹುತೇಕ ಸೊನ್ನೆಯೇ. ಅವರಿಗೆ ಬೇಕಾದದ್ದು ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ತಪಾಸಣೆ ಮತ್ತು ತಂಬಾಕು ಬಿಡಿಸುವ ಯಾರಾದರೊಬ್ಬರು.

ಸ್ಕೋರ್ ನಿಜವಾಗಿ ನೆರವಾಗುವುದು ನಡುವಿನವರಿಗೆ. ನಲವತ್ತು ದಾಟಿದ್ದಾರೆ, ಎದೆನೋವಿಲ್ಲ, ಕೊಲೆಸ್ಟರಾಲ್ ತುಸು ಹೆಚ್ಚು, ಸ್ಟಾಟಿನ್ ಶುರು ಮಾಡಬೇಕೋ ಬೇಡವೋ ಎಂದು ವೈದ್ಯರಿಗೂ ಅನುಮಾನ. ಅಮೆರಿಕದ ಹೃದ್ರೋಗ ಸಂಘಗಳು 2018ರಲ್ಲಿ ಹೇಳಿದಂತೆ, ಇಂಥವರಿಗೆ ಸೊನ್ನೆ ಬಂದರೆ ಮಾತ್ರೆಯನ್ನು ಮುಂದೂಡಬಹುದು. 100 ದಾಟಿದರೆ ಶುರು ಮಾಡುವುದು ಮೇಲು. ಸಕ್ಕರೆ ಕಾಯಿಲೆ ಇದ್ದವರು, ತಂಬಾಕು ಸೇದುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು ಇದ್ದರೆ ಸೊನ್ನೆಯನ್ನು ನಂಬಿ ಕೂರುವಂತಿಲ್ಲ. ಆಗಲೇ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಈ ಪರೀಕ್ಷೆಗೆ ದುಡ್ಡು ಹಾಕುವುದೇ ದಂಡ. ರೋಗ ಇದೆಯೆಂದು ಗೊತ್ತಾಗಿಯೇ ಇದೆಯಲ್ಲ.

ಅವರ ವೈದ್ಯರಿಗೆ ಕ್ಯಾಲ್ಸಿಯಂ ಬೇರೆ ರೀತಿಯಲ್ಲಿ ಎದುರಾಗುತ್ತದೆ. ಗಡಸಾದ ನಾಳದಲ್ಲಿ ಬಲೂನು ಉಬ್ಬುವುದಿಲ್ಲ, ಸ್ಟೆಂಟ್ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಅರೆ ಬಿಚ್ಚಿದ ಸ್ಟೆಂಟಿನಲ್ಲಿ ಮತ್ತೆ ಹೆಪ್ಪುಗಟ್ಟುವ ಭಯ. ಅದಕ್ಕೆ ವಜ್ರದ ಪುಡಿ ಲೇಪಿಸಿದ, ನಿಮಿಷಕ್ಕೆ 1.4ರಿಂದ 1.8 ಲಕ್ಷ ಸುತ್ತು ತಿರುಗುವ ಪುಟ್ಟ ಮೊನೆಯಿಂದ ಮೊದಲು ಒಳಗೆ ಉಜ್ಜುತ್ತಾರೆ. ಇದು ರೋಟಾಬ್ಲೇಷನ್. ಮೂತ್ರಪಿಂಡದ ಕಲ್ಲು ಒಡೆಯುವ ಆಘಾತದ ಅಲೆಗಳನ್ನೇ ಬಲೂನಿನೊಳಗಿಂದ ಹೊಮ್ಮಿಸಿ ನಾಳದ ಕ್ಯಾಲ್ಸಿಯಮ್ಮಿಗೆ ಬಿರುಕು ಬಿಡಿಸುವ ವಿಧಾನ ಇತ್ತೀಚಿನದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದಕ್ಕೆ 2021ರಲ್ಲಿ ಒಪ್ಪಿಗೆ ಕೊಟ್ಟಿತು.

ಇಂಥ ಚಿಕಿತ್ಸೆಗೆ ಗಿಣಿಗೇರಾದವರು ದೂರ ಹೋಗಬೇಕು. ರೈಲುದಾರಿ ಗದಗ ದಾಟಿ ಹುಬ್ಬಳ್ಳಿಗೆ ಹೋಗುತ್ತದೆ. ಕಲ್ಯಾಣ ಕರ್ನಾಟಕಕ್ಕೆಂದು 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಗಿದೆ, ಆದರೆ ಕೊಪ್ಪಳದ ದಕ್ಷಿಣ ತುದಿಗೆ ಅದು ಹುಬ್ಬಳ್ಳಿಗಿಂತ ದೂರ. ಎದೆ ಹಿಡಿದುಕೊಂಡಾಗ ಈ ದೂರವೇ ಶತ್ರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರು ಮುಂದೆ ನಿಂತು ದೇಶದ 50 ನಗರಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಲೆಕ್ಕ ಹಾಕಿದ ‘ಕ್ರಿಯೇಟ್’ ವರದಿ 2008ರಲ್ಲಿ ಹೇಳಿದ್ದು ಇದನ್ನೇ: ನೋವು ಶುರುವಾದಾಗಿನಿಂದ ಆಸ್ಪತ್ರೆ ಮುಟ್ಟಲು ಅರ್ಧದಷ್ಟು ರೋಗಿಗಳಿಗೆ ಹಿಡಿದದ್ದು 360 ನಿಮಿಷ, ಅಂದರೆ ಆರು ತಾಸು, ಅಥವಾ ಅದಕ್ಕೂ ಹೆಚ್ಚು. ಆ ಆರು ತಾಸಿನಲ್ಲಿ ದಾರಿಯ ಪಾಲು ಎಷ್ಟೋ, “ಗ್ಯಾಸ್ ಆಗೈತಿ, ಸೋಡಾ ಕುಡಿ, ಮಲಕೊಂಡ್ರ ಹೋಗ್ತೈತಿ” ಎಂಬ ಮಾತಿನ ಪಾಲೂ ಅಷ್ಟೇ ಇದ್ದೀತು.

ಪುನೀತ್ ಹೆಸರಿನಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆ ಈ ಆರು ತಾಸನ್ನು ಕಡಿಮೆ ಮಾಡಲೆಂದೇ ಬಂದದ್ದು. ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಕೂಡಲೇ ಅದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ನಾಳ ಮುಚ್ಚಿದ ದೊಡ್ಡ ಆಘಾತವೆಂದು ಅವರು ಹೇಳಿದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಡುತ್ತಾರೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಈ ಔಷಧಿ ಯೋಜನೆಯಡಿ ಉಚಿತ. ಮೊದಲ ಒಂದು ತಾಸಿನೊಳಗೆ ಕೊಟ್ಟರೆ ಅದರ ಫಲ ಹೆಚ್ಚು, ತಡವಾದಷ್ಟೂ ಸತ್ತ ಸ್ನಾಯು ಹೆಚ್ಚು.

ಎದೆ ನಡುವೆ ಹಿಂಡಿದಂತಾಗಿ ನೋವು ಎಡಗೈ, ದವಡೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರು ಒಡೆದರೆ, ಅಥವಾ ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ ಬಂದರೆ, ಹೋದ ವರ್ಷ ತೆಗೆಸಿದ ಕ್ಯಾಲ್ಸಿಯಂ ಸ್ಕೋರ್ ಎಷ್ಟಿತ್ತು ಎಂದು ಕಪಾಟಿನಲ್ಲಿ ಹುಡುಕುವ ಅಗತ್ಯವಿಲ್ಲ. ಸೊನ್ನೆ ಇದ್ದರೂ 108ಕ್ಕೆ ಫೋನ್ ಮಾಡಬೇಕು, ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲೋ ಗಂಗಾವತಿಯಲ್ಲೋ ಮೊದಲು ಆಗಬೇಕಾದದ್ದು ಇಸಿಜಿ.